ನಾಲ್ಕನೇ ನಂಬರ್ ಟ್ರೆಡ್‌ಮಿಲ್

"ಮೇಡಂ, ಇಳೀರಿ ಕೆಳಗ."

ವೈಟ್‌ಫೀಲ್ಡ್‌ನ ಆ ಜಿಮ್‌ನಲ್ಲಿ ಟ್ರೈನರ್ ಆಗಿದ್ದ ಯಮುನಾ ಜೊತೆ ಯಾರೂ ಇಷ್ಟು ಒರಟಾಗಿ ಮಾತಾಡಿರಲಿಲ್ಲ. ನಾಲ್ಕನೇ ನಂಬರ್ ಟ್ರೆಡ್‌ಮಿಲ್ ಮೇಲಿದ್ದವಳು ತಿರುಗಿ ನೋಡಿದಳು. ಟೂಲ್ ಬ್ಯಾಗ್ ನೆಲಕ್ಕೆ ಕುಕ್ಕಿ ನಿಂತಿದ್ದ ಹುಡುಗ. ಅಂಗಿ ಮೇಲೆ ಮಿಷನ್ ಕಂಪನಿಯ ಹೆಸರು, ಅದರ ಕೆಳಗೆ ಅವನದು. ಸಂಗಣ್ಣ.

"ಬೆಲ್ಟ್ ಜಗ್ಗುತ್ತೆ. ಟೆಸ್ಟ್ ಮಾಡ್ತಿದ್ದೆ."

"ಟೆಸ್ಟ್ ಮಾಡಾಕ ನಾ ಬಂದೀನಲ್ರಿ. ನೀವು ಮಂದೀನ ಓಡಸ್ರಿ."

ಏನು ಸೊಕ್ಕು ಇವನಿಗೆ…

ಮುಖ ತೋರಿಸಿದರೆ ಮಾತ್ರ ಆನ್ ಆಗೋ ಮಿಷನ್ ಅದು. ಎದೆಬಡಿತ ಹೇಳುತ್ತೆ. ನಿನ್ನೆ ಸರಿಯಾಗಿ ನಿದ್ದೆ ಮಾಡಿಲ್ಲ ಅಂತ ಬುದ್ಧಿ ಹೇಳುತ್ತೆ. ತನ್ನ ಹೊಟ್ಟೆಯೊಳಗೇ ಒಂದು ಬೋಲ್ಟ್ ಸಡಿಲ ಆಗಿರೋದು ಮಾತ್ರ ಅದಕ್ಕೆ ತಿಳಿಯಲ್ಲ!

ಸಂಗಣ್ಣ ಮಿಷನ್ ಪಕ್ಕ ಮಲಗಿ ಕಿವಿಯಿಟ್ಟು ಕೇಳಿದ. ಎದ್ದು ಒಂದೇ ಬೋಲ್ಟ್ ತಿರುಗಿಸಿದ. ಅಷ್ಟೇ, ಸರಿಹೋಯಿತು.

"ಎಂಟನೇತ್ತಕ್ಕ ಸಾಲಿ ಬಿಟ್ಟಾವ ನಾನು. ಇದರ ಸ್ಕ್ರೀನ್ ಓದೋದಕ್ಕಿಂತ ಸಪ್ಪಳ ಓದೋದ ಸಲೀಸು ನೋಡ್ರಿ," ಅಂತ ನಕ್ಕ.

ಆ ನಗುವಿನಿಂದಲೇ ಯಮುನಾ ಕೆಟ್ಟಳು.

ನಾಲ್ಕು ದಿನ ಬಿಟ್ಟು ಸ್ಕ್ರೀನ್ ಮೇಲಿನ 'ಸರ್ವೀಸ್' ಬಟನ್ ಒತ್ತಿದಳು. ಫ್ಯಾನ್ ಶಬ್ದ ಅಂದಳು. ಆಮೇಲೆ ಮತ್ತೊಮ್ಮೆ, ಬೆಲ್ಟ್ ಓರೆ ಅಂದಳು. ಎರಡು ಸಲವೂ ಅವನೇ ಬಂದ. ಅವಳು ತರಿಸಿದ ಟೀ ಕುಡಿದ. ತನ್ನೂರು ಹುನಗುಂದದ ಮಾತಾಡಿದ. ವರ್ತೂರಲ್ಲಿ ಮೂರು ಜನ ಗಾರೆ ಕೆಲಸದವರ ಜೊತೆ ರೂಮಲ್ಲಿ ಇರೋದು ಹೇಳಿದ. ಈಗ ಏನೋ ಹೇಳ್ತಾನೆ, ಈಗ ಹೇಳ್ತಾನೆ ಅಂತ ಅವಳು ಕಾದಳು.

"ಮಿಷನ್ ಚಲೋ ಐತ್ರಿ," ಅಂದು ಬ್ಯಾಗ್ ಎತ್ತಿಕೊಂಡು ಹೋದ.

ಥೂ…

ಮತ್ತೆ ಒತ್ತಿದಳು.

ಈ ಸಲ ಸಂಗಣ್ಣ ಟೀ ಮುಟ್ಟಲಿಲ್ಲ. ಫೋನನ್ನು ಅವಳ ಮುಖಕ್ಕೆ ಹಿಡಿದ.

"ಮೊದಲನೇ ಕಂಪ್ಲೇಂಟ್ ಖರೇ. ಆಮ್ಯಾಲಿನ ಮೂರಕ್ಕ ಮಿಷನ್ ರೆಕಾರ್ಡ್‌ನಾಗ ಒಂದ ತಪ್ಪೂ ಇಲ್ಲ. ಮೂರೂ ನಿಮ್ಮ ಲಾಗಿನ್‌ದಿಂದ ಬಂದಾವು. ಅವತ್ತು ಇಳೀರಿ ಅಂದೆ ಅಂತ ಇಷ್ಟು ಸಿಟ್ಟೇನ್ರಿ?"

"ಸಿಟ್ಟಾ? ನಂಗಾ?"

"ಹದಿನೈದು ದಿನದಾಗ ಒಂದ ಮಿಷನ್‌ಗೆ ನಾಕ ಸಲ ಕರದ್ರ, ರಿಪೇರಿಯವಗ ಕೆಲಸ ಬರಂಗಿಲ್ಲ ಅಂತ ಬರಕೊಂತಾರ. ಸೋಮವಾರದಿಂದ ಪೀಣ್ಯದ ಗೋಡೌನ್ ನನಗ. ಡಬ್ಬಿ ಹೊರಾಕ. ಇನ್ನ ಸ್ಪ್ಯಾನರ್ ಮುಟ್ಟಂಗಿಲ್ಲ." ಅವನ ದನಿ ಇಳಿಯಿತು. "ಬ್ಯಾರೆ ಯಾರರ ಮಾಡಿದ್ರ ಬಿಡ್ತಿದ್ದೆ. ನೀವು ಮಾಡೀರಲ್ರಿ…"

ನೋಡಬೇಕು ಅಂತ ಒತ್ತಿದ ಬೆರಳೇ ಅವನ ಕೆಲಸಕ್ಕೆ ಕಲ್ಲು ಹಾಕಿತ್ತು. ಯಮುನಾಗೆ ಕಂಪನಿ ಮೇಲೆ ಕೋಪ ಬಂತು. ಮಿಷನ್ ಮೇಲೆ, ತನ್ನ ಮೇಲೆ… ಎಲ್ಲರಿಗಿಂತ ಜಾಸ್ತಿ ಇವನ ಮೇಲೆ.

"ಬೋಲ್ಟ್ ಸಡಿಲ ಆಗಿರೋದು ಮಲಗಿ ಕೇಳ್ತೀರ. ಎದುರಿಗೆ ಎರಡು ವಾರದಿಂದ ಟೀ ಹಿಡ್ಕೊಂಡು ನಿಂತಿರೋಳು ಕಾಣಲ್ವಾ?"

"ಏನಂತೀರಿ?"

ಅವನಿಗೆ ಅರ್ಥವೇ ಆಗಿರಲಿಲ್ಲ! ಯಮುನಾ ಫೋನ್ ತೆಗೆದು ಕಂಪನಿಗೆ ಹಚ್ಚಿದಳು.

ಕನ್ನಡಕ್ಕೆ ಎರಡು ಒತ್ತಿ ಅಂದಿತು. ಒತ್ತಿದರೆ ಯಾರೋ ಹಿಂದಿಯಲ್ಲಿ ಶುರುಮಾಡಿದರು. ಕಟ್ ಮಾಡಿ ಮತ್ತೆ ಹಚ್ಚಿದಳು. ಮೂರನೇ ಸಲಕ್ಕೆ ಸೂಪರ್‌ವೈಸರ್ ದೇವರಾಜ್ ಸಿಕ್ಕರು. ಸ್ಪೀಕರ್ ಆನ್ ಮಾಡಿದಳು.

"ಸಾರ್, ನಾಲ್ಕನೇ ಮಿಷನ್‌ದು ಮೂರು ಕಂಪ್ಲೇಂಟ್ ಸುಳ್ಳು. ನಾನೇ ಹಾಕಿದ್ದು. ತೆಗೆದುಬಿಡಿ."

"ಸುಮ್ನೆ ತೆಗೆಯೋಕಾಗಲ್ಲ ಮೇಡಂ. ಕಾರಣ ಬರೀಬೇಕು."

ಮ್ಯಾನೇಜರ್ ಶಶಿಕಲಾ ಕ್ಯಾಬಿನ್‌ನಿಂದ ಹೊರಗೆ ಬಂದಿದ್ದರು. ಸೈಕಲ್ ತುಳಿಯುತ್ತಿದ್ದವರು ಒಂದೊಂದು ಕಿವಿಯ ಇಯರ್‌ಫೋನ್ ತೆಗೆದರು. ಬಾಯಿಬಿಟ್ಟರೆ ತನ್ನ ಕೆಲಸ ಹೋಗಬಹುದು. ಬಿಡದಿದ್ದರೆ ಅವನದು ಹೋಗೋದು ಖಂಡಿತ.

"ಸಂಗಣ್ಣ ಅವರನ್ನ ನೋಡ್ಬೇಕಿತ್ತು. ಅದಕ್ಕೆ."

"ಅಂದ್ರೆ… ಅವನ ಕೆಲಸ ಚೆಕ್ ಮಾಡೋಕಾ?"

"ಅಲ್ಲ ಸಾರ್. ಇಷ್ಟ ಅವರು ನಂಗೆ. ಹಂಗೇ ಬರ್ಕೊಳಿ."

ಆ ಕಡೆ ಕೀಬೋರ್ಡ್ ಕಟಕಟ ಅಂದಿತು.

"ಹಂಗಂತ ಕಾಲಂ ಇಲ್ಲ ಮೇಡಂ. 'ಇತರೆ' ಅಂತ ಹಾಕ್ತೀನಿ. ಮೂರೂ ತೆಗ್ದೆ. ಪೀಣ್ಯಕ್ಕೆ ಬರೋದು ಬೇಡ ಅಂತ ಅವನಿಗೆ ಹೇಳ್ಬಿಡಿ."

ಶಶಿಕಲಾ ಸೊಂಟದ ಮೇಲೆ ಕೈಯಿಟ್ಟರು. "ಯಮುನಾ, ನಿನ್ನ ಲಾಗಿನ್ ಇವತ್ತಿಂದ ನನ್ನ ಹತ್ರ. ಒಂದು ವಾರ ಟವೆಲ್ ಮಡಚ್ತಾ ಇರು."

"ಆಯ್ತು ಮೇಡಂ."

ಸಂಗಣ್ಣ ಟ್ರೆಡ್‌ಮಿಲ್ ಅಂಚಿಗೆ ಕುಸಿದು ಕೂತಿದ್ದ. ಕಿವಿ ಕೆಂಪಾಗಿತ್ತು. ಯಮುನಾ ಅವನ ಪಕ್ಕ ಕೂತಳು, ಒಂದು ಗೇಣು ಜಾಗ ಬಿಟ್ಟು.

"ಹೋದ ಸಲಾನ ಗೊತ್ತಿತ್ರಿ ನನಗ, ಮಿಷನ್‌ಗೆ ಏನೂ ಆಗಿಲ್ಲಂತ," ಅಂದ ಮೆಲ್ಲಗೆ.

"ಮತ್ತೆ ಮುಕ್ಕಾಲು ಗಂಟೆ ಬಿಚ್ಕೊಂಡು ಕೂತಿದ್ರಿ?"

"ಲಗೂನ ಮುಗದ್ರ ಲಗೂನ ಹೋಗಬೇಕಾಗ್ತಿತ್ತಲ್ರಿ…"

ಯಮುನಾ ಹಣೆ ಚಚ್ಚಿಕೊಂಡಳು. "ಇದನ್ನ ಬಾಯಲ್ಲಿ ಹೇಳೋಕೆ ಏನಾಗಿತ್ತು ನಿಮಗೆ?"

"ಹೆದ್ರಿಕಿ ಆಗಿತ್ತು."

ಅವಳಿಗೆ ಕಣ್ಣು ತುಂಬಿತು. ಕೋಪವೂ ಹೋಗಿರಲಿಲ್ಲ.

"ನಾಳೆ ಬರ್ತೀನ್ರಿ," ಅಂದ ಸಂಗಣ್ಣ.

"ಕಂಪ್ಲೇಂಟ್ ಏನೂ ಇಲ್ವಲ್ಲ ಈಗ."

"ಇಲ್ಲಲ್ರಿ, ಅದಕ್ಕ. ಕೈಗೆ ಗ್ರೀಸ್ ಹತ್ತಂಗಿಲ್ಲ." ನಡುವಿನ ಗೇಣು ಜಾಗದಲ್ಲಿ ಅಂಗೈ ಬಿಚ್ಚಿ ಇಟ್ಟ. "ಹಿಡೀಬಹುದು."

ನಾಳೆವರೆಗೆ ಕಾಯುವ ತಾಳ್ಮೆ ಯಮುನಾಗೆ ಇರಲಿಲ್ಲ.