ಹೊರಗೆ ತೆರೆಯುವ ಗೇಟು

"ಅಲ್ಲಿ ಬ್ಯಾಡ್ರಿ, ಸರ. ಎಲ್ಲಿ ಬೇಕಾದ್ರೂ ನಿಲ್ಲಸ್ರಿ. ಆ ಗೇಟಿಗೆ ಅಡ್ಡ ಮಾತ್ರ ಬ್ಯಾಡ."

ಹಾಲಯ್ಯನವರು ಹಾಲಿನ ತಂಬಿಗೆಯನ್ನು ಶಾಲಿನೊಳಗೆ ಅವಚಿಕೊಂಡು ನಿಂತಿದ್ದರು. ಕಾಶಿಯ ಕನ್ನಡ ಮಠವೊಂದರಲ್ಲಿ ಉಗ್ರಾಣ ನೋಡಿಕೊಳ್ಳುವ ಮುದುಕರು ಅವರು. ಅಲ್ಲಿಯ ಲಂಕಾ ಎಂಬ ಬಜಾರಿನ ಹಿಂದಿನ ಈ ಗಲ್ಲಿಯಲ್ಲಿ ಕನ್ನಡ ಕೇಳಿಸುತ್ತಿದ್ದುದು ಎರಡೇ ಮನೆಗಳಲ್ಲಿ. ಒಂದು, ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಬಂದು ನೆಲೆಸಿದ್ದ ಸೋಮಲಿಂಗಯ್ಯ ಮತ್ತು ತಾರಾದೇವಿಯವರದು. ಅದರ ಎದುರಿನದು ಬಾಲಚಂದ್ರನದು.

ಬಾಲಚಂದ್ರ ಕಾರಿಗೆ ಕೀಲಿ ಹಾಕುತ್ತ ನಕ್ಕ. "ನನ್ನ ಅಂಗಳದಾಗ ನಿಲ್ಲಸೋಣ ಅಂದ್ರ ಮಾಲೀಕನ ಎಮ್ಮಿ ಜಾಗಾ ಬಿಡವಲ್ದು, ಅಜ್ಜಾರ. ಕೇಳಿದ್ರ, 'ಭೈಂಸ್ ಕಹಾಂ ಜಾಯೇಗೀ, ಪ್ರೊಫೆಸರ್ ಸಾಹಬ್?' ಅಂತಾನ. ಎಮ್ಮಿ ಎಲ್ಲಿಗೆ ಹೋಗಬೇಕು ಅಂತ ನನ್ನನ್ನ ಕೇಳ್ತಾನ!"

"ಆ ಗೇಟು ಹೊರಗ ತಗೀತೈತ್ರಿ. ಒಳಗ ಗೇಟಿಗೆ ಹತ್ತಿ ಮೆಟ್ಟಲ ಅದಾವ, ಒಳಗ ತಗಿಯಾಕ ಬರಂಗಿಲ್ಲ. ನಿಮ್ಮ ಗಾಡಿ ಅಡ್ಡ ನಿಂತ್ರ ಅವರು ಒಳಗ ಸೆರೆಮನ್ಯಾಗ ಇದ್ದಂಗ."

"ಬೇಕಾದಾಗ ಕರೀಲಿ, ಬಂದು ತಗೀತೀನಿ. ವಯಸ್ಸಾದವರು ಎಲ್ಲಿಗೆ ಹೊಂಟಾರ?"

ಹಾಲಯ್ಯನವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. ಗೇಟಿನ ಕಂಬಕ್ಕೆ ಕರಿ ದಾರದಲ್ಲಿ ಒಂದು ನಿಂಬೆಹಣ್ಣು ತೂಗುತ್ತಿತ್ತು. ಒಣಗಿ ಕಂದಿದ ಅದರ ನಡುವೆ ತುಕ್ಕು ಹಿಡಿದ ಮೊಳೆ. "ತಾರವ್ವಗ ಕಟ್ಟು ಹಾಕೋ ಮಂತ್ರ ಗೊತ್ತೈತ್ರಿ. ಅವರಜ್ಜಿಯಿಂದ ಬಂದದ್ದು. ಹ್ವಾದ ವರ್ಷ ಒಬ್ಬ ಗುತ್ತೇದಾರ ಇಲ್ಲೇ ಜೀಪು ತಂದು ಹಚ್ಚತಿದ್ದ. ಈಗ ಘಾಟಿನ ಮ್ಯಾಲ ಮಲಗತಾನ. ಮನಿ ಐತಿ, ಮಂದಿ ಅದಾರ. ಖರೇ, ಮನಿಗೆ ಹೋಗಂಗಿಲ್ಲ."

"ಹೇಣ್ತಿ ಹೊರಗ ಹಾಕಿರಬೇಕು," ಎಂದ ಬಾಲಚಂದ್ರ. ಕೈ ಚಾಚಿ ನಿಂಬೆಹಣ್ಣನ್ನು ಮೊಳೆಯ ಸಮೇತ ಕಿತ್ತ. "ಇದನ್ನ ನಾ ಚಹಾಕ್ಕ ಹಿಂಡ್ಕೋತೀನಿ."

ಹಾಲಯ್ಯನವರು ನಗಲಿಲ್ಲ. ಅಂಥ ಚಳಿಯಲ್ಲೂ ಆ ಹಣ್ಣು ಅಂಗೈಯಲ್ಲಿ ಬೆಚ್ಚಗಿತ್ತು. ಬಾಲಚಂದ್ರ ಅದನ್ನು ಮೋರಿಗೆ ಎಸೆದು ಕೈ ಒರೆಸಿಕೊಂಡ.

ಕೆಟ್ಟವನೇನಲ್ಲ ಅವನು. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸಲು ಆ ಮಳೆಗಾಲದಲ್ಲಿ ಧಾರವಾಡದಿಂದ ಬಂದಿದ್ದ. ಹೆಂಡತಿ ವಸಂತಾ ಮತ್ತು ಪುಟ್ಟ ಮಗಳು ವಿನೋದಾ ಅಲ್ಲೇ ಉಳಿದಿದ್ದರು, ಮನೆ ಒಂದು ಹದಕ್ಕೆ ಬಂದ ಮೇಲೆ ಬರುವುದೆಂದು. ಆ ಹಳೆಯ ಫಿಯಟ್ಟನ್ನು ಅವನು ಕೊಂಡದ್ದು ಕೂಡ ಮಗಳಿಗಾಗಿಯೇ. ಸ್ಟೇಷನ್ನಿನಿಂದ ಬರುವಾಗ ತೆರೆದ ರಿಕ್ಷಾದಲ್ಲಿ ಮಗುವಿಗೆ ಗಾಳಿ ತಾಗಬಾರದು. ಹಿಂದಿನ ಸೀಟಿನ ಮೇಲೆ ಒಂದು ಕೆಂಪು ಉಣ್ಣೆಯ ಕುಲಾವಿ ಆಗಲೇ ಕಾಯುತ್ತಿತ್ತು.

ಸಂಜೆಯಾದರೆ ಅವನಿಗೆ ಮನೆಗೆ ಹೋಗಲು ಮನಸ್ಸಾಗುತ್ತಿರಲಿಲ್ಲ. ಒಂದು ತಟ್ಟೆ, ಒಂದು ಲೋಟ, ತಣ್ಣಗಾದ ಒಲೆ. ಬೀಗ ತೆಗೆದ ಕೂಡಲೇ ಮುಖಕ್ಕೆ ಬಡಿಯುವ ಮುಚ್ಚಿದ ಮನೆಯ ವಾಸನೆ. ಅದಕ್ಕೇ ಕಾರು ನಿಲ್ಲಿಸಿ, ಲಂಕಾದ ಚಹಾ ಅಂಗಡಿಯ ಬೆಂಚಿನ ಮೇಲೆ, ಪರಿಚಯವಿಲ್ಲದವರ ಗದ್ದಲದಲ್ಲಿ ಕೂತುಬಿಡುತ್ತಿದ್ದ. ಅಂದೂ ಹಾಗೆಯೇ ಕೂತ.

ಹಿಂತಿರುಗುವಾಗ ಕರೆಂಟು ಹೋಗಿತ್ತು. ಕಲ್ಲಿದ್ದಲ ಹೊಗೆ ಮಂಜಿನೊಂದಿಗೆ ಸೇರಿ ಗಲ್ಲಿಯನ್ನು ತುಂಬಿತ್ತು. ಗಂಟಲು ಕೆರೆಯುವ ಆ ಕತ್ತಲೆಯೊಳಗಿಂದ ಒಂದು ಸದ್ದು ಬಂತು.

ಟಣ್.

ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು. ಮತ್ತೆ, ಟಣ್.

ತಾರಾದೇವಿ ಒಳಗಿನಿಂದ ಗೇಟನ್ನು ನೂಕುತ್ತಿದ್ದರು. ಗೇಟು ಅವನ ಕಾರಿಗೆ ಬಡಿದು ನಿಲ್ಲುತ್ತಿತ್ತು. ಹೊರಗೆ ಒಂದು ಸೈಕಲ್ ರಿಕ್ಷಾ. ಅದರಲ್ಲಿ ಕಂಬಳಿ ಹೊದ್ದ ಮಠದ ಹಿರಿಯ ಸ್ವಾಮಿಗಳು. ಸೊಂಟದ ಮೂಳೆ ಮುರಿದು ಎದ್ದು ನಿಲ್ಲಲೂ ಆಗದವರು. ಹಾಲಯ್ಯನವರೂ ರಿಕ್ಷಾದವನೂ ಕಾರಿನ ಹಿಂಬದಿಯನ್ನು ಎತ್ತಿ ಸರಿಸಲು ಏದುಸಿರು ಬಿಡುತ್ತಿದ್ದರು. ಕಾರಿನ ಮೂತಿ ವಿದ್ಯುತ್ ಕಂಬಕ್ಕೆ ತಾಗಿತ್ತು. ಗೋಡೆಯ ಮೇಲೆ ಉದ್ದಕ್ಕೂ ಗಾಜಿನ ಚೂರು.

"ಕೀಲಿ ತರ್ರಿ ಸರ! ಎಲ್ಲಿ ಹೋಗಿದ್ರಿ? ಒಳಗ ಸೋಮಲಿಂಗಯ್ಯಾರ ಉಸಿರು ಹೊಂಟೈತಿ!" ಹಾಲಯ್ಯನವರು ಕೂಗಿದರು.

ಸೋಮಲಿಂಗಯ್ಯನವರಿಗೆ ಇದ್ದದ್ದು ಒಂದೇ ಆಸೆ. ಉಸಿರಿರುವಾಗಲೇ ಗುರುವಿನ ಪಾದ ತಲೆಗೆ ತಾಗಬೇಕು. ಬಾಲಚಂದ್ರನಿಗೆ ಅದು ಯಾರೂ ಬಿಡಿಸಿ ಹೇಳಬೇಕಾದ ಮಾತಲ್ಲ. ಅವನೂ ಕೊರಳಲ್ಲಿ ಲಿಂಗ ಕಟ್ಟಿಕೊಂಡು ಬೆಳೆದವನೇ. ತನ್ನ ತಂದೆಯ ನೆತ್ತಿಗೆ ಸ್ವಾಮಿಗಳು ಪಾದವಿಟ್ಟಾಗ ಆ ಮುಖದ ಬಿಗುವೆಲ್ಲ ಸಡಿಲಾದದ್ದನ್ನು ಕಣ್ಣಾರೆ ಕಂಡಿದ್ದ.

ಅವನ ಬೆರಳು ಮರಗಟ್ಟಿದ್ದವು. ಕೀಲಿ ಜಾರಿ ಬಿತ್ತು. ಕತ್ತಲಲ್ಲಿ ತಡಕಾಡಿದ. ಸಿಕ್ಕಿತು. ಇಂಜಿನ್ ಕೆಮ್ಮಿತು, ಸತ್ತಿತು, ಮತ್ತೆ ಕೆಮ್ಮಿತು. ಕೊನೆಗೆ ಕಾರು ಹಿಂದೆ ಸರಿದಾಗ ಗೇಟು ಪೂರ್ತಿ ತೆರೆದುಕೊಂಡಿತು. ಅಷ್ಟರಲ್ಲಿ ಅದನ್ನು ನೂಕುವ ಕೈ ಅಲ್ಲಿರಲಿಲ್ಲ.

ಸ್ವಾಮಿಗಳನ್ನು ಹೊತ್ತು ಒಳಗೊಯ್ದರು. ಅವರ ಪಾದ ತಾಗಿದ್ದು ಆಗಲೇ ತಣ್ಣಗಾಗಿದ್ದ ನೆತ್ತಿಗೆ.

ತಾರಾದೇವಿ ಹೊರಗೆ ಬಂದರು. ಅವರ ಕಣ್ಣಲ್ಲಿ ನೀರಿರಲಿಲ್ಲ. ಗಂಡನ ಹಣೆಗೆಂದು ಇಟ್ಟಿದ್ದ ವಿಭೂತಿ ಮುಷ್ಟಿಯಲ್ಲಿತ್ತು. ಕಾರಿನ ಮೂತಿಯ ಮೇಲೆ ಅದನ್ನು ಅಡ್ಡಕ್ಕೆ ಎಳೆದರು. ಕರ್ಪೂರ, ಬೂದಿ, ಬಿಸಿ ಪೆಟ್ರೋಲಿನ ವಾಸನೆ ಒಟ್ಟಿಗೆ ಎದ್ದಿತು. ತುಟಿ ಏನನ್ನೋ ಸದ್ದಿಲ್ಲದೆ ಜಪಿಸಿದವು. ಆಮೇಲೆ ಅವರು ಅವನ ಕಡೆ ತಿರುಗಿದರು.

"ನನ್ನ ಮನಿಗೆ ಬರೋರ ದಾರಿ ಕಟ್ಟಿದಿ. ನೀ ಹೊಕ್ಕ ಮನಿ, ನಿನ್ನ ಹುಡಿಕ್ಕೊಂಡು ಬಂದವ್ರಿಗೆ ಕಾಣದಂಗಾಗಲಿ."

"ಅವ್ವಾರ, ತಪ್ಪಾತ್ರಿ..."

ಅವರು ಆಗಲೇ ಒಳಗೆ ಹೋಗಿದ್ದರು.

ಮರುದಿನ ಹಾಲಿನವ ಬರಲಿಲ್ಲ. ಪೇಪರಿನವನೂ ಬರಲಿಲ್ಲ. ಎಮ್ಮೆಗೆ ಮೇವು ಹಾಕಲು ಮಾಲೀಕ ಬಂದ. ಎಮ್ಮೆಯ ತನಕ ಬಂದು, ಬೆನ್ನು ತಟ್ಟಿ, ಹೋದ. ಎದುರಿಗೆ ಹೊಸ್ತಿಲಲ್ಲಿ ನಿಂತು ಕೂಗುತ್ತಿದ್ದ ಬಾಲಚಂದ್ರನ ಕಡೆಗೆ ಕಣ್ಣೆತ್ತಲಿಲ್ಲ.

ವಿಭಾಗದಲ್ಲಿ ಜೊತೆಗೆ ಕಲಿಸುವ ಪದ್ಮನಾಭ ಸೋಮವಾರ ಸಿಕ್ಕಿ ಬೈದ. "ಎಲ್ಲಿ ಬಚ್ಚಿಟ್ಟಿದ್ದೀಯ ಮಾರಾಯ ನಿನ್ನ ಮನೇನ? ನನ್ನ ಹೆಂಡತಿ ನಿನಗೆ ಅಂತ ಬಿಸಿಬೇಳೆಭಾತ್ ಕಟ್ಟಿಕೊಟ್ಟಿದ್ದಳು. ನಿನ್ನೆ ಇಡೀ ಗಲ್ಲಿ ಅಲೆದೆ. ಎಮ್ಮೆ ಸಿಕ್ತು, ನೀನು ಸಿಗಲಿಲ್ಲ. ಎಮ್ಮೆಗೇ ಕೊಟ್ಟು ಬಂದೆ!"

ಬಾಲಚಂದ್ರ ನಗಲು ನೋಡಿದ. ನಿನ್ನೆ ಪದ್ಮನಾಭ ಡಬ್ಬಿ ಹಿಡಿದು ಅಲೆಯುತ್ತಿದ್ದಾಗ ತಾನು ಕಿಟಕಿಯ ಸರಳು ಹಿಡಿದು, ಗಂಟಲು ಹರಿಯುವ ಹಾಗೆ ಅವನನ್ನು ಕರೆದಿದ್ದ.

ಮನೆಗೆ ತಗುಲಿದ ಮಾಟವಾದರೆ ಮನೆ ಬಿಟ್ಟರಾಯಿತು ಎಂದುಕೊಂಡ. ಬಂಗಾಲಿ ಟೋಲಾದ ಒಂದು ಯಾತ್ರಿಕರ ಲಾಡ್ಜಿನಲ್ಲಿ ಕೋಣೆ ಹಿಡಿದ. ಚಹಾ ತರುತ್ತೇನೆಂದು ಹೋದ ಆಳು ಹೊರಗಿನ ಮೊಗಸಾಲೆಯಲ್ಲಿ ಲೋಟ ಹಿಡಿದು ಗೋಡೆ ತಡವುತ್ತ ನಡೆದಾಡಿದ. "ಸಾಹಬ್? ಸಾಹಬ್?" ಬಾಗಿಲು ತೆರೆದೇ ಇತ್ತು.

ಆಗ ಅವನಿಗೆ ತಾರಾದೇವಿಯ ಮಾತು ಅರ್ಥವಾಯಿತು. ನೀ ಹೊಕ್ಕ ಮನಿ. ಯಾವ ಮನೆಯಾದರೂ. ರಸ್ತೆಯಲ್ಲಿ, ಕ್ಲಾಸಿನಲ್ಲಿ ಅವನು ಎಲ್ಲರಿಗೂ ಸಿಗುತ್ತಿದ್ದ. ಮನೆಯೆಂದು ಹೊಸ್ತಿಲು ದಾಟಿದೊಡನೆ ಲೋಕ ಅವನ ಬಾಗಿಲನ್ನು ಕಳೆದುಕೊಳ್ಳುತ್ತಿತ್ತು. ಅವನು ಗಲ್ಲಿಗೆ ವಾಪಸಾದ. ಕಾರನ್ನು ಎಲ್ಲೋ ದೂರ ನಿಲ್ಲಿಸಿದ್ದ. ಆದರೂ ದೀಪ ಹಚ್ಚುವ ಹೊತ್ತಿಗೆ ಎದುರು ಮನೆಯಿಂದ ಆ ಸದ್ದು ಬರುತ್ತಿತ್ತು. ಟಣ್. ತೆರೆದೇ ಇದ್ದ ಗೇಟಿನಿಂದ.

ಅಂಚೆಯವನಿಗೆ ಮನೆ ಸಿಗದೆ, ಅವನಿಗೆ ಬಂದ ಟೆಲಿಗ್ರಾಮು ವಿಭಾಗಕ್ಕೆ ತಲುಪಿತು. ವಸಂತಾ ಮಗಳನ್ನು ಕರೆದುಕೊಂಡು ಹೊರಟಾಗಿತ್ತು. ಬೆಳಗಾದರೆ ಕಾಶಿ.

ಓಡಿಹೋಗಿ ತಾರಾದೇವಿಯ ಗೇಟಿನ ಹೊರಗೆ ಮಂಡಿಯೂರಿದ. "ಬಿಚ್ಚರಿ ಅವ್ವಾ. ಕೂಸು ಬರಾಕತ್ತೈತಿ."

ತಾರಾದೇವಿ ಮೆಟ್ಟಿಲ ತನಕ ಬಂದರು. "ಹಾಕೋದು ಕಲಿಸಿದ್ಲು ನಮ್ಮಜ್ಜಿ. ಬಿಚ್ಚೋದು ಕಲಿಸೋಕಿಂತ ಮೊದಲ ಸತ್ಲು," ಎಂದರು. ಆ ದನಿಯಲ್ಲಿ ಸಿಟ್ಟು ಮುಗಿದು ಬರೀ ದಣಿವು ಉಳಿದಿತ್ತು. "ನಿನ್ನ ಹೇಣ್ತಿ ಮಕ್ಕಳ ಮ್ಯಾಲ ನಂಗ ಹಗೆ ಇಲ್ಲಪ್ಪಾ."

ಬೆಳಗ್ಗೆ ಸ್ಟೇಷನ್ನಿನಲ್ಲಿ ವಿನೋದಾ ಅವನ ಕೊರಳಿಗೆ ಜೋತುಬಿದ್ದಳು. ಕೂದಲಲ್ಲಿ ಕೊಬ್ಬರಿ ಎಣ್ಣೆಯ, ರೈಲಿನ ಮಸಿಯ ವಾಸನೆ. ಕೆಂಪು ಕುಲಾವಿ ಹಾಕಿ ಗದ್ದದ ಕೆಳಗೆ ಗಂಟು ಕಟ್ಟಿದ. ಕೈ ಬಿಡುವುದಿಲ್ಲ, ಏನಾದರೂ ಈ ಕೈ ಬಿಡುವುದಿಲ್ಲ ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ಗಲ್ಲಿಯಲ್ಲಿ ಮಂಜು ಹಾಲಿನಂತೆ ಕಟ್ಟಿತ್ತು. ಮುಂದೆ ಚಾಚಿದ ಕೈ ಕಾಣುತ್ತಿರಲಿಲ್ಲ. ಎಮ್ಮೆಯ ಬಿಸಿಯುಸಿರು ಪಕ್ಕದಲ್ಲೇ ಹಾದುಹೋಯಿತು.

"ವಸಂತಾ, ನನ್ನ ಹಿಂದ ಬಾ. ವಿನೂ, ನೋಡು, ಇದ ನಮ್ಮ ಮನಿ."

"ಎಲ್ಲೈತಪ್ಪಾ?"

ಹೊಸ್ತಿಲು ದಾಟಿದ. ಪುಟ್ಟ ಕೈ ಬೆಚ್ಚಗಿತ್ತು. ಬಿಗಿಯಾಗಿ ಹಿಡಿದಿದ್ದ.

ಮುಷ್ಟಿಯಲ್ಲಿ ಏನೂ ಇರಲಿಲ್ಲ.

"ಅಪ್ಪಾ!" ದನಿ ಹೊರಗಿತ್ತು. "ಅಪ್ಪಾ, ಎಲ್ಲಿ ಹೋದಿ?"

ತಿರುಗಿದ. ಓಡಿದ. ಎಮ್ಮೆಗೆ ಡಿಕ್ಕಿ ಹೊಡೆದ. ಗಲ್ಲಿ ಖಾಲಿ. ಬರೀ ಬಿಳುಪು. ಎಡಗಡೆ ವಸಂತಾ ಚೀರುತ್ತಿದ್ದಳು, "ವಿನೂ! ಕೈ ಯಾಕ ಬಿಟ್ಟಿ? ವಿನೂ!" ಬಲಗಡೆ ಲಂಕಾದ ದೊಡ್ಡ ರಸ್ತೆ. ಅಲ್ಲಿಂದ ಲಾರಿಯ ಹಾರ್ನು. ಪುಟ್ಟ ಚಪ್ಪಲಿಯ ಸದ್ದು ಬಲಕ್ಕೆ ಹೋಗುತ್ತಿತ್ತು. ಅವನೂ ಬಲಕ್ಕೆ ಓಡಿದ. ಲಾರಿ ಹತ್ತಿರವಾಯಿತು. ಚಪ್ಪಲಿಯ ಸದ್ದು ನಿಂತಿತು. ನೆಲ ನಡುಗಿತು. ಬ್ರೇಕು ಕಿರುಚಿತು. ಆಮೇಲೆ ಏನೂ ಕೇಳಿಸಲಿಲ್ಲ.

ಟಣ್.

ಬೆನ್ನ ಹಿಂದೆ. ಮತ್ತೆ, ಟಣ್.

ಅವನು ಸದ್ದಿನ ಕಡೆಗೆ ತಿರುಗಿ ಓಡಿದ. ತಾರಾದೇವಿಯ ಗೇಟು ತೆರೆದಿತ್ತು. ಒಳಗೆ ಮೆಟ್ಟಿಲ ಮೇಲೆ ಕೆಂಪು ಕುಲಾವಿ.

"ಅಪ್ಪಾ, ಅಜ್ಜ ಗೇಟು ಬಡದು ನನ್ನ ಕರದರು," ಎಂದಳು ವಿನೋದಾ. "ಆಕಡೆ ಹೋಗಬ್ಯಾಡ, ಇಲ್ಲಿ ಬಾರವ್ವಾ, ಅಂದ್ರು."

ಅಂಗಳದಲ್ಲಿ ಯಾವ ಅಜ್ಜನೂ ಇರಲಿಲ್ಲ. ಮಗುವನ್ನು ತೊಡೆಗೆ ಎಳೆದುಕೊಂಡಿದ್ದ ತಾರಾದೇವಿಯ ಕಣ್ಣಲ್ಲಿ ಮೊದಲ ಬಾರಿಗೆ ನೀರಿತ್ತು. ಬಾಲಚಂದ್ರ ಒಳಗೆ ನುಗ್ಗಲು ಕಾಲೆತ್ತಿದ.

"ನಿಲ್ಲು!" ತಾರಾದೇವಿ ಕೂಗಿದರು. "ನೀ ಒಳಗ ಕಾಲಿಟ್ರ ಇದ ಬಾಗಲಾ ಕೂಸಿನ ಅವ್ವಗ ಕಾಣಂಗಿಲ್ಲ. ಹೊರಗ ಅದಾಳ ಆಕಿ!"

ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಮಗಳು. ಅವನು ಕಾಲನ್ನು ಹಿಂದಕ್ಕೆ, ರಸ್ತೆಯ ಮೇಲೆ ಇಟ್ಟ. ಮಂಜಿನ ಕಡೆಗೆ ಮುಖ ಮಾಡಿ ಹೆಂಡತಿಯನ್ನು ಕರೆದ. ಕರೆಯುತ್ತಲೇ ಇದ್ದ. ಕೊನೆಗೆ ವಸಂತಾ ಕಾಣಿಸಿದಾಗ ಅವಳನ್ನು ಆ ಗೇಟಿನೊಳಗೆ ಕಳಿಸಿದ.

ತಾಯಿ ಮಗಳು ತಾರಾದೇವಿಯ ಮನೆಯಲ್ಲೇ ಉಳಿದರು. ಊರಿಗೆ ಹೋಗೋಣ ಎಂದು ವಸಂತಾ ಅತ್ತಳು. ಅಲ್ಲಿ ತಾನು ಹೊಕ್ಕರೆ ತನ್ನ ತಾಯಿಯ ಮನೆಯೂ ಹೀಗೇ ಅಳಿಸಿಹೋಗುತ್ತದೆ ಎಂದು ಅವನು ಹೇಳಿದ. ಈಗ ಅವನು ಫಿಯಟ್ಟಿನ ಹಿಂದಿನ ಸೀಟಿನಲ್ಲಿ ಮಲಗುತ್ತಾನೆ. ಸಂಜೆ ತಾರಾದೇವಿ ಗೇಟಿನಿಂದ ರೊಟ್ಟಿ ಪಲ್ಯ ಚಾಚುತ್ತಾರೆ. ವಸಂತಾ ಹೊರಗೆ ಬಂದು ತುಸು ಹೊತ್ತು ಪಕ್ಕದಲ್ಲಿ ಕೂರುತ್ತಾಳೆ. ಚಳಿ ಏರಿದಾಗ ಅವನೇ ಅವಳನ್ನು ಎಬ್ಬಿಸಿ ಒಳಗೆ ಕಳಿಸುತ್ತಾನೆ.

"ಅಪ್ಪಾ, ಒಳಗ ಬಾರಪ್ಪಾ, ಥಂಡಿ ಐತಿ."

"ನಾಳೆ ಬರ್ತೀನಿ, ಮಗಳ."

ಒಂದು ಸಂಜೆ ಹೊಸ ಅಂಬಾಸಿಡರ್ ಒಂದು ಬಂದು ಗೇಟಿಗೆ ಅಡ್ಡ ನಿಂತಿತು. ಬಾಲಚಂದ್ರ ಶಾಲು ಕೆಡವಿ ಓಡಿ ಗಾಜು ಬಡಿದ. ಇಲ್ಲಿ ಬೇಡ, ಈ ಗೇಟು ಹೊರಗೆ ತೆರೆಯುತ್ತದೆ ಎಂದು ಹಿಂದಿಯಲ್ಲಿ ಬೇಡಿಕೊಂಡ.

ಚಾಲಕ ಅವನ ಬೆಳೆದ ಗಡ್ಡವನ್ನೂ ಸುಕ್ಕಾದ ಅಂಗಿಯನ್ನೂ ನೋಡಿ ನಕ್ಕ. "ಆಪ್ ಕಾ ಘರ್ ಹೈ ಕ್ಯಾ?" ನಿಮ್ಮ ಮನೆಯೇನು ಇದು?

ಕಿಟಕಿಯೊಳಗೆ ಲಾಟೀನಿನ ಬೆಳಕಿತ್ತು. ವಸಂತಾ ಮಗಳಿಗೆ ಕೈತುತ್ತು ಕೊಡುತ್ತಿದ್ದಳು. ತುತ್ತಿನ ನಡುವೆ ವಿನೋದಾ ತಲೆ ತಿರುಗಿಸಿ ರಸ್ತೆಯ ಕಡೆ ನೋಡಿದಳು.

"ಅಲ್ಲ," ಎಂದ ಬಾಲಚಂದ್ರ. ಎರಡೂ ಅಂಗೈಗಳನ್ನು ಆ ಬೆಚ್ಚಗಿನ ಕಾರಿನ ಮೂತಿಗೆ ಒತ್ತಿ, ತನ್ನ ಬಲವನ್ನೆಲ್ಲ ಹಾಕಿ ಹಿಂದಕ್ಕೆ ನೂಕತೊಡಗಿದ.