ಹಗುರ ಬ್ಯಾಟರಿಯ ಕಳ್ಳತನ

ಮಂಗಳವಾರ ಬೆಳಿಗ್ಗೆ ಆರೂವರೆಗೆ ಮೀಟರ್ ರೀಡರ್ ಅಂಗಳದಲ್ಲಿ ನಿಂತು ಹೆಂಡತಿಯನ್ನು ಕೂಗಿದ. ಅವಳು ದರ್ಜಿ. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೊರಗೆ ಬಂದಳು.

ಮೋಟಾರ್ ಸೈಕಲ್ಲಿನ ಸೀಟು ಮೇಲೆದ್ದಿತ್ತು. ಅದರಡಿಯ ಗೂಡು ಖಾಲಿ. ಮೂರು ತಿಂಗಳ ಹಿಂದೆ ಹಾಕಿಸಿದ ಲಿಥಿಯಂ ಬ್ಯಾಟರಿ ಮಾಯವಾಗಿತ್ತು.

ಆ ಬ್ಯಾಟರಿಗಾಗಿ ಮನೆಯಲ್ಲಿ ದೊಡ್ಡ ಜಟಾಪಟಿಯೇ ನಡೆದಿತ್ತು. ಅವಳ ಅಪ್ಪ ಮೂವತ್ತು ವರ್ಷ ಬಸ್ಸು ಓಡಿಸಿದವರು. ಸೀಸ ಮತ್ತು ಆ್ಯಸಿಡ್ಡಿನ ಹಳೇ ಬ್ಯಾಟರಿ ಬಿಟ್ಟು ಬೇರೇನನ್ನೂ ನಂಬದವರು. ಅಳಿಯ ಮಾತ್ರ ಲಿಥಿಯಂ ಎಷ್ಟು ಹಗುರ, ಎಷ್ಟು ವರ್ಷ ಬಾಳುತ್ತದೆ, ನೀರು ಹಾಕುವ ತಾಪತ್ರಯವೇ ಇಲ್ಲ ಎಂದು ಇಡೀ ಬೀದಿಗೆ ಭಾಷಣ ಬಿಗಿದಿದ್ದ. ಗೆದ್ದವನು ಅವನೇ. ಸೀಸದ ಬ್ಯಾಟರಿ ಶೆಡ್ಡಿನ ಮೂಲೆ ಸೇರಿತ್ತು.

ಈಗ ಅವನು ಅದನ್ನೇ ಹೊತ್ತು ತಂದು ಕೂರಿಸಿದ. ಗುಂಡಿ ಒತ್ತಿದ. ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮಾವನ ಮುಖ ಊರಗಲವಾಯಿತು.

* * *

ಕಳ್ಳ ಕೈಚಳಕದವನು. ವಯರು ಕತ್ತರಿಸಿರಲಿಲ್ಲ. ಬಿಚ್ಚಿದ ಸ್ಕ್ರೂಗಳನ್ನು ಗೂಡಿನಲ್ಲೇ ಜೋಡಿಸಿಟ್ಟಿದ್ದ. ಇದು ಬಲ್ಲವರ ಕೆಲಸ ಎಂದು ಯಾರೋ ಅಂದರು. ಬೀದಿಯಲ್ಲಿ ಬಲ್ಲವನು ಒಬ್ಬನೇ, ತಿರುವಿನ ಗ್ಯಾರೇಜಿನ ಮೆಕ್ಯಾನಿಕ್. ಮಾರುವುದಾದರೆ ನನಗೇ ಕೊಡಿ ಎಂದು ಆ ಬ್ಯಾಟರಿಯನ್ನು ಅವನು ಒಮ್ಮೆ ಕೇಳಿಯೂ ಇದ್ದ. ಅಷ್ಟು ಸಾಕಾಯಿತು. ಕಾನ್‌ಸ್ಟೇಬಲ್ ಎರಡು ಸಲ ಬಂದು ಗ್ಯಾರೇಜು ತಡಕಾಡಿದ. ಗುರುವಾರದ ಹೊತ್ತಿಗೆ ರಿಪೇರಿಗೆ ಬಿಟ್ಟಿದ್ದ ಮೂರು ಗಾಡಿಗಳನ್ನು ಮಾಲೀಕರು ಅರ್ಧಕ್ಕೇ ತಳ್ಳಿಕೊಂಡು ಹೋದರು.

ಅಂದು ಸಂಜೆ ಮೆಕ್ಯಾನಿಕ್ ದರ್ಜಿಯ ಹೊಲಿಗೆ ಕೋಣೆಯ ಬಾಗಿಲಲ್ಲಿ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ.

"ಹದಿನಾರು ವರ್ಷದಿಂದ ಇದೇ ಬೀದೀಲಿ ಇದೀನಿ ಅಕ್ಕ. ಯಾರದ್ದಾದ್ರೂ ಒಂದು ನಟ್ಟು ಮುಟ್ಟಿದೀನಾ?"

ಅವಳು ಹೊಲಿಗೆ ನಿಲ್ಲಿಸಿದಳು. ಕಳ್ಳನನ್ನು ತಾನೇ ಹುಡುಕುವುದೆಂದು ಆ ರಾತ್ರಿಯೇ ಹೊರಟಳು.

* * *

ಅವಳ ಮೊದಲ ಅನುಮಾನ ಅಪ್ಪನ ಮೇಲೆಯೇ. ವಾದದಲ್ಲಿ ಸೋತವರು, ಶೆಡ್ಡಿನ ಬೀಗದ ಕೈ ಇಟ್ಟುಕೊಂಡವರು. ಕೇಳಿದ್ದಕ್ಕೆ ಅವರು ಮುಖ ಊದಿಸಿಕೊಂಡರು. ಆದರೆ ಸ್ವಂತ ಶೂ ಲೇಸು ಕಟ್ಟಲು ಬಗ್ಗಲಾಗದ ಸೊಂಟ ಅವರದು, ಸೀಟಿನಡಿ ಕೈ ಹಾಕುವುದು ದೂರದ ಮಾತು. ಸಿಟ್ಟಿನಲ್ಲೇ ಅವರು ಒಂದು ಮಾತು ಆಡಿದರು.

"ನಾನೇ ಕದ್ದಿದ್ರೆ ಮೊದಲು ನನ್ನ ಸೀಸಕ್ಕೆ ಚಾರ್ಜ್ ಮಾಡಿ ಇಡ್ತಿದ್ದೆ. ಆ ಮುದಿ ಬ್ಯಾಟರಿ ಮೂರು ತಿಂಗಳು ಸುಮ್ಮನೆ ಬಿದ್ರೆ ಸತ್ತೇ ಹೋಗತ್ತೆ."

ಹಾಗಂದ ಮೇಲೆ ಅವರೇ ಬಾಯಿ ತೆರೆದು ನಿಂತರು. ಮಂಗಳವಾರ ಅದೇ ಬ್ಯಾಟರಿಗೆ ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಗಿತ್ತಲ್ಲ, ಅಂದರೆ ಯಾರೋ ಮೊದಲೇ ಚಾರ್ಜ್ ಮಾಡಿದ್ದರು.

ಶುಕ್ರವಾರ ಬಟ್ಟೆ ಒಗೆಯುವಾಗ ಗಂಡನ ಬೂದು ಪ್ಯಾಂಟು ಕೈಗೆ ಬಂತು. ತೊಡೆಯ ಜಾಗ ಜರಡಿಯಾಗಿತ್ತು. ನುಸಿ ತಿಂದಿದ್ದಲ್ಲ, ಕಿಡಿ ಬಿದ್ದು ಸುಟ್ಟಿದ್ದೂ ಅಲ್ಲ. ಬಟ್ಟೆಯ ವಿಷಯದಲ್ಲಿ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎದುರು ಮನೆಯ ಅಜ್ಜಿಯನ್ನೂ ಒಂದು ಮಾತು ಕೇಳಿದಳು. ಕಳುವಿಗೆ ಮುಂಚೆ ಎಂಟು ದಿನ ನಿನ್ನ ಗಂಡ ಗಾಡಿಯನ್ನು ಇಳಿಜಾರಿನವರೆಗೆ ತಳ್ಳುತ್ತಿದ್ದ, ವ್ಯಾಯಾಮ ಅಂದ ಎಂದರು ಅಜ್ಜಿ. ಆಮೇಲೆ ದರ್ಜಿ ಮನೆಯ ಮೂಲೆ ಮೂಲೆ ಜಾಲಾಡಿದಳು. ಕೊನೆಗೆ ಬ್ಯಾಟರಿ ಸಿಕ್ಕಿದ್ದು ಕಾಲ ಬುಡದಲ್ಲೇ, ಹೊಲಿಗೆ ಯಂತ್ರದ ಪಕ್ಕದ ಚಿಂದಿ ಚೀಲದಲ್ಲಿ.

* * *

ಶನಿವಾರ ಬೆಳಿಗ್ಗೆ ಅಂಗಳದಲ್ಲಿ ಎಲ್ಲರನ್ನೂ ಸೇರಿಸಿದಳು. ಅಪ್ಪ, ಮೆಕ್ಯಾನಿಕ್, ಕಾನ್‌ಸ್ಟೇಬಲ್, ಗಂಡ. ಲಿಥಿಯಂ ಬ್ಯಾಟರಿಯನ್ನು ಕಟ್ಟೆಯ ಮೇಲಿಟ್ಟಳು. ಬೂದು ಪ್ಯಾಂಟನ್ನು ಬೆಳಕಿಗೆ ಹಿಡಿದಳು.

"ಇದು ಆ್ಯಸಿಡ್ ತೂತು. ಅಪ್ಪನ ಯೂನಿಫಾರ್ಮಿಗೆ ಎಷ್ಟು ತೇಪೆ ಹಾಕಿಲ್ಲ ನಾನು. ಬಿದ್ದಾಗ ಕಾಣಲ್ಲ, ನೀರು ಸೋಕಿದಾಗ ಉದುರತ್ತೆ. ರೀ, ನೀವು ಸೀಸದ ಬ್ಯಾಟರಿ ಮುಟ್ಟಿದ್ದು ಮಂಗಳವಾರ ಅಂದ್ರಿ. ಅವತ್ತು ಹಾಕಿದ್ದು ನೀಲಿ ಪ್ಯಾಂಟು. ಈ ಬೂದುದನ್ನ ಭಾನುವಾರವೇ ಒಗೆಯೋಕೆ ಹಾಕಿದ್ರಿ."

ಕಳುವಾಗುವ ಎರಡು ದಿನ ಮೊದಲೇ ಹಳೇ ಬ್ಯಾಟರಿಯನ್ನು ಎತ್ತಿ ಚಾರ್ಜಿಗೆ ಹಾಕಿದವನಿಗೆ, ಹೊಸದು ಕಳುವಾಗಲಿದೆ ಎಂದು ಮೊದಲೇ ಗೊತ್ತಿರಬೇಕು. ಅಷ್ಟು ಹೇಳಿ ಅವಳು ಪ್ಯಾಂಟನ್ನು ಗಂಡನ ಕೈಗಿಟ್ಟಳು.

ಮೀಟರ್ ರೀಡರ್ ತನ್ನ ಚಪ್ಪಲಿ ನೋಡಿಕೊಂಡ. "ಚಳಿ ಬಿದ್ದ ಮೇಲೆ ಲಿಥಿಯಮ್ಮಿಗೆ ಗಾಡಿ ಸ್ಟಾರ್ಟೇ ಆಗ್ತಿರಲಿಲ್ಲ. ಅಷ್ಟೆಲ್ಲ ಕೊಚ್ಚಿಕೊಂಡು ಮಾವನ ಮುಂದೆ ಹೇಗೆ ಹೇಳ್ಲಿ? ಕಳುವಾದ್ರೆ ಯಾರಿಗೂ ಸೋಲಿಲ್ಲ ಅಂದ್ಕೊಂಡೆ."

"ನಾನು ಸೋತೆನಲ್ಲ," ಅಂದ ಮೆಕ್ಯಾನಿಕ್.

ಕಾನ್‌ಸ್ಟೇಬಲ್, ತನ್ನ ವಸ್ತುವನ್ನೇ ಕದ್ದವನ ಮೇಲೆ ಯಾವ ಕಲಮು ಹಾಕುವುದು ಎಂದು ಪುಸ್ತಕ ತಿರುವಿ, ಸಿಗದೆ, ಮುಚ್ಚಿದ. ಶಿಕ್ಷೆಯನ್ನು ದರ್ಜಿಯೇ ವಿಧಿಸಿದಳು. ಮೀಟರ್ ಓದಲು ಹೋಗುವ ಪ್ರತಿ ಮನೆಯಲ್ಲೂ, ಓದುವ ಮೊದಲು, ಕದ್ದವನು ನಾನೇ ಎಂದು ಹೇಳಬೇಕು.

ಮೆಕ್ಯಾನಿಕ್ ಬ್ಯಾಟರಿಯನ್ನು ಕೈಯಲ್ಲಿ ತೂಗಿ ನೋಡಿದ. ಅದರದ್ದೇನೂ ತಪ್ಪಿಲ್ಲ ಅಂದ. ಚಳಿಯಲ್ಲಿ ಲಿಥಿಯಂ ಮರಗಟ್ಟುತ್ತದೆ. ಎರಡು ನಿಮಿಷ ಹೆಡ್‌ಲೈಟ್ ಉರಿಸಿದರೆ ಒಳಗೇ ಬೆಚ್ಚಗಾಗಿ ಎಚ್ಚರವಾಗುತ್ತದೆ. ಕಾಯುವ ತಾಳ್ಮೆ ಇಲ್ಲದವನಿಗೆ ಸೀಸವೇ ಸರಿ.

"ಹಾಗಾದ್ರೆ ಲಿಥಿಯಮ್ಮೇ ಹಾಕಿ," ಅಂದಳು ದರ್ಜಿ. "ತಾಳ್ಮೆ ಕಲೀಲಿ."

ಮಾವ ಗೆದ್ದರೋ ಸೋತರೋ ಅವರಿಗೇ ತಿಳಿಯಲಿಲ್ಲ.

ಮರುದಿನದಿಂದ ಮೀಟರ್ ರೀಡರ್ ಮಂಜಿನಲ್ಲಿ ಹೆಡ್‌ಲೈಟ್ ಉರಿಸಿಕೊಂಡು ಗಾಡಿಯ ಮೇಲೆ ಸುಮ್ಮನೆ ಕೂರತೊಡಗಿದ. ಹಾದುಹೋಗುವವರೆಲ್ಲ ಯಾಕೆ ಎಂದು ಕೇಳುತ್ತಿದ್ದರು. ಅವನು ಮೊದಲಿನಿಂದ ಕಥೆ ಹೇಳುತ್ತಿದ್ದ. ನಾಲ್ಕನೇ ದಿನ ಮೆಕ್ಯಾನಿಕ್ ಬಂದು ಪಕ್ಕದಲ್ಲಿ ಕೈಕಟ್ಟಿ ನಿಂತ. ಎರಡು ನಿಮಿಷ ಕಳೆಯಿತು.

"ಈಗ ಒತ್ತು," ಅಂದ ಮೆಕ್ಯಾನಿಕ್.