ಬೆನ್ನು ತಿರುಗಿಸಿ ನಿಂತ ಗೊಂಬೆಗಾರ

"ಈ ಮಾತು ಸಿನಿಮಾದಲ್ಲಿದ್ರೆ ನಾನು ದನಿ ಕೊಡಲ್ಲ, ಮೇಷ್ಟ್ರೇ."

ಕಾರ್ಟೂನ್ ಗುಬ್ಬಿಗೆ ದನಿ ಕೊಡುತ್ತಿದ್ದ ಅವಳು ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದಳು. ಗಾಜಿನ ಆಚೆ ಕೂತಿದ್ದ ಸಂಭಾಷಣೆಕಾರ ಬೆಚ್ಚಿಬಿದ್ದ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ ಹೇಳುವುದರಿಂದ ಡಬ್ಬಿಂಗ್ ಸ್ಟುಡಿಯೋದಲ್ಲಿ ಅವನಿಗೆ ಮೇಷ್ಟ್ರು ಎಂದೇ ಹೆಸರು. ಆರು ಕಾರ್ಟೂನ್ ಚಿತ್ರ ಒಟ್ಟಿಗೆ ಮಾಡಿದರೂ ಇಬ್ಬರೂ ಮುಖಕ್ಕೆ ಮುಖ ಕೊಟ್ಟು ಮಾತಾಡಿದ್ದು ಅಂದೇ ಮೊದಲು. ಮಾತೇನು, ಜಗಳವೇ!

ಪರದೆಯ ಮೇಲೆ ರೆಕ್ಕೆ ಸೀಳಿದ ಮರದ ಗುಬ್ಬಿ ಗೊಂಬೆಗಾರನನ್ನು ಕೇಳುತ್ತದೆ: "ನೀನೇ ಮಾಡಿದ್ದಲ್ವಾ ನನ್ನ? ಮತ್ತೆ ಸೀಳೋ ಮರದಲ್ಲಿ ಯಾಕೆ ಮಾಡಿದೆ?"

ಗೊಂಬೆಗಾರ ಬೆನ್ನು ತಿರುಗಿಸಿ ನಿಂತಿರುತ್ತಾನೆ. ಮೂಲ ಚಿತ್ರದಲ್ಲಿ ಅವನು ಉತ್ತರವೇ ಕೊಡುವುದಿಲ್ಲ. ಆದರೆ ತುಟಿ ಕಾಣದ ಕಡೆ ಡಬ್ಬಿಂಗ್‌ನವರು ಏನು ಬೇಕಾದರೂ ತುರುಕಬಹುದಲ್ಲ! ಇವನೂ ತುರುಕಿದ್ದ: "ಎಲ್ಲಕ್ಕೂ ಒಂದು ಕಾರಣ ಇರುತ್ತೆ, ಮಗು."

"ನನ್ನ ಗಂಟಲಿನ ವಿಷಯ ಗೊತ್ತಿದ್ದೇ ಬರೆದ್ರಿ, ಅಲ್ವಾ?"

ಗೊತ್ತಿತ್ತು. ಸ್ಟುಡಿಯೋದಲ್ಲಿ ಎಲ್ಲರಿಗೂ ಗೊತ್ತಿತ್ತು. ಸೋಮವಾರ ಆಪರೇಷನ್. ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯುತ್ತಾರೆ, ಈ ದನಿ ಮತ್ತೆ ಬರುವುದಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು.

'ಗಾಯದ ಮೇಲೆ ಬರೆ ಎಳೆಯೋಕೆ ಇವನೇ ಆಗಬೇಕಿತ್ತಾ...' ಅವಳ ಕಣ್ಣು ತುಂಬಿತು.

ಅವನು ಎದ್ದು ಒಳಗೆ ಬಂದ. "ನಿಮಗಲ್ಲ, ನನಗೇ ಬರೆದುಕೊಂಡಿದ್ದು. ಚರ್ಚಲ್ಲಿ ಮಕ್ಕಳು ದೇವರ ಬಗ್ಗೆ ಏನು ಕೇಳಿದ್ರೂ ಪಟಪಟ ಉತ್ತರ ಕೊಡ್ತಿದ್ದೆ. ನಿಮ್ಮ ವಿಷಯ ಕೇಳಿದ ದಿನ ಒಂದೂ ಉಳೀಲಿಲ್ಲ. ಅವನು ಸುಮ್ನೆ ನಿಂತಿರೋದು ನೋಡೋಕಾಗ್ಲಿಲ್ಲ..."

"ಯಾರು, ಗೊಂಬೆಗಾರನಾ?"

"ಇಬ್ರೂ. ಅವನೂ, ಮೇಲಿರೋನೂ."

ಅವನು ಪೆನ್ನು ತೆಗೆದು ಆ ಸಾಲನ್ನು ಹೊಡೆದುಹಾಕಿದ. ಅವಳು ಹೆಡ್‌ಫೋನ್ ಹಾಕಿಕೊಂಡು ಗುಬ್ಬಿಯ ದನಿಯಲ್ಲಿ ಆ ಪ್ರಶ್ನೆ ಕೇಳಿದಳು. ಗೊಂಬೆಗಾರ ಮಾತಾಡಲಿಲ್ಲ. ಆ ಮೌನ ಸಹಿಸಲಾರದಷ್ಟು ಉದ್ದವಿತ್ತು, ಆದರೂ ಇಬ್ಬರೂ ಅದನ್ನು ಹಾಗೇ ಬಿಟ್ಟರು.

"ನಿಮ್ಮನ್ನ ಕಂಡ್ರೆ ನಂಗಿಷ್ಟ," ಎಂದ ಅವನು. "ಮೊದಲನೇ ಚಿತ್ರದಿಂದ."

"ಒಳ್ಳೇ ಟೈಮ್ ನೋಡಿ ಹೇಳಿದ್ರಿ." ಅವಳು ಅಳುತ್ತಲೇ ನಕ್ಕಳು. "ನಂಗೂ ಇಷ್ಟಾನೇ. ಏನು ಪ್ರಯೋಜನ? ಪ್ರಾರ್ಥನೆ ಮಾಡೋಕೂ ಮನಸ್ಸಿಲ್ಲ ಈಗ. ದೇವರನ್ನ ಬಾಯ್ತುಂಬ ಬೈಬೇಕು ಅನ್ಸುತ್ತೆ. ಸೋಮವಾರದ ಮೇಲೆ ಅದೂ ಇಲ್ಲ."

"ಬರೆದು ಕೊಡಿ. ನಾನು ಗಟ್ಟಿಯಾಗಿ ಓದ್ತೀನಿ."

"ಚರ್ಚಲ್ಲಾ?"

"ಮುಂದಿನ ಬೆಂಚಲ್ಲೇ. ನೀವು ಪಕ್ಕದಲ್ಲಿರಬೇಕು."

"ಉತ್ತರ ಬರದಿದ್ರೆ?"

ಅವನು ಅವಳ ಕೈ ಹಿಡಿದುಕೊಂಡ. "ಬರುತ್ತೆ ಅಂತ ಸುಳ್ಳು ಹೇಳಲ್ಲ. ಮರುದಿನ ಮತ್ತೆ ಬರೀರಿ."